ಬಾಣಂತಿ ಮನೆ ಖಾಲಿ ಇಲ್ಲ

ಮಾರ್ಷ್‌ಗೇಟಿನ ನಗರಸಭೆಯವರು, ಅಂದರೆ ಸಿಟಿ ಹಾಲಿನವರು, ಆ ಮನೆಯನ್ನು ಖಾಲಿ ಮನೆ ಎಂದು ಕರೆದು ಕಾಗದ ಹಾಕಿದ ದಿನ, ಸಣ್ಣತಾಯಮ್ಮನವರು ಅದೇ ಮನೆಯ ಹಿತ್ತಲಲ್ಲಿ ಬಾಣಂತಿಯ ಸೊಂಟಕ್ಕೆ ಕಟ್ಟುವ ಹಳೇ ಸೀರೆಯ ಪಟ್ಟಿಗಳನ್ನು ಒಣಹಾಕುತ್ತಿದ್ದರು. ಒಳಗೆ ಒಲೆಯ ಮೇಲೆ ಮೆಣಸಿನ ಸಾರು ಕುದಿಯುತ್ತಿತ್ತು. ನಡುಮನೆಯಲ್ಲಿ ಇಪ್ಪತ್ತೆರಡು ದಿನದ ಕೂಸೊಂದು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಅಷ್ಟರಲ್ಲಿ ಪೋಸ್ಟಿನವನು ಬಂದು ಬಾಗಿಲ ಪೆಟ್ಟಿಗೆಗೆ ಉದ್ದನೆಯ ಲಕೋಟೆ ಹಾಕಿ ಹೋದ. ಖಾಲಿ ಮನೆಯಂತೆ!

ಅದು ಜಯರಾಮನ ಎರಡನೇ ಮನೆ. ಓಕ್ಲ್ಯಾಂಡಿನಿಂದ ದಕ್ಷಿಣಕ್ಕೆ ಬಂದು, ಫ್ರೀವೇ ಇಳಿದು, ಎರಡು ಸಿಗ್ನಲ್ ದಾಟಿದರೆ ಸಿಗುತ್ತದೆ. ಎರಡು ಬೆಡ್‌ರೂಮು, ಒಂದು ಬಚ್ಚಲು, ಮುಂದೆ ಒಂದು ನಿಂಬೆಗಿಡ. ಹಾಸನದ ಕಡೆಯ ಜಯರಾಮ್ ಈ ದೇಶಕ್ಕೆ ಬಂದ ಹೊಸದರಲ್ಲಿ ಕೊಂಡದ್ದು. ಆಮೇಲೆ ಕೈ ಕುದುರಿ ಸರಟೋಗಾದ ಗುಡ್ಡದ ಮೇಲೆ ದೊಡ್ಡ ಮನೆ ಮಾಡಿದ. ಆದರೂ ಇದನ್ನು ಮಾರಲಿಲ್ಲ, ಬಾಡಿಗೆಗೂ ಕೊಡಲಿಲ್ಲ. ಅದಕ್ಕೊಂದು ಕಾರಣವಿತ್ತು. ಅವನ ಹೆಂಡತಿ ರಮಾಗೆ ಈ ಮನೆಯಲ್ಲೇ ಚೊಚ್ಚಲ ಬಾಣಂತನ. ಅವಳ ತಾಯಿಗೆ ವೀಸಾ ಸಿಗಲಿಲ್ಲ. ಹೆತ್ತ ನಾಲ್ಕನೇ ದಿನಕ್ಕೇ ಎದ್ದು ಪಾತ್ರೆ ತೊಳೆದ ಹೆಣ್ಣು, ಆರು ತಿಂಗಳು ಸೊಂಟ ಹಿಡಿದುಕೊಂಡು ಕೂತಿದ್ದಳು. "ನಮ್ಮ ಕಡೆ ಹೆಣ್ಣುಮಕ್ಕಳಿಗೆ ಈ ಊರಲ್ಲಿ ಒಂದು ತವರು ಅಂತ ಇರಲಿ" ಎಂದು ಅವಳು ಹೇಳಿದ್ದನ್ನು ಜಯರಾಮ್ ಮೀರಲಿಲ್ಲ.

ಹೀಗೆ ಅದು ಬಾಣಂತಿ ಮನೆಯಾಯಿತು. ತಾಯಿ ಬರಲಾಗದವರು, ಒಂದೇ ರೂಮಿನ ಅಪಾರ್ಟ್‌ಮೆಂಟಿನವರು, ಗಂಡನಿಗೆ ಎರಡೇ ವಾರ ರಜೆ ಇರುವವರು, ಮಂಡ್ಯ, ಹಾಸನ, ರಾಮನಗರ ಎಲ್ಲ ಕಡೆಯ ಹುಡುಗಿಯರೂ ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದು ನಲವತ್ತು ದಿನ ಇದ್ದು ಹೋಗುತ್ತಿದ್ದರು. ಬಾಡಿಗೆ ಎಂಬ ಮಾತೇ ಇಲ್ಲ. ಬಾಣಂತಿಯ ಕೈಯಿಂದ ದುಡ್ಡು ಈಸಿಕೊಳ್ಳುವುದುಂಟೆ?

ಬಾಣಂತನ ಮಾಡುವವರು ಸಣ್ಣತಾಯಮ್ಮ. ಪಾಂಡವಪುರದ ಹತ್ತಿರದವರು, ಎಪ್ಪತ್ತೊಂದು ವರ್ಷ. ಒಬ್ಬನೇ ಮಗ ಗುರುಕಿರಣ್. ಅವನ ಮನೆ ಫ್ರೀಮಾಂಟಿನಲ್ಲಿ, ಆಫೀಸು ಸೇತುವೆಯಾಚೆ ಮೆನ್ಲೋ ಪಾರ್ಕಿನಲ್ಲಿ. ಆರು ವರ್ಷದ ಕೆಳಗೆ ಸೊಸೆ ಇಂದುಗೆ ಹೆರಿಗೆಯಾದಾಗ ಬಂದವರು. ಅವಳಿಗೆ ಮಾಡಿದ ಬಾಣಂತನ ನೋಡಿ ಒಬ್ಬರು ಕರೆದರು, ಅವರನ್ನು ನೋಡಿ ಇನ್ನೊಬ್ಬರು. ಬೆಳಿಗ್ಗೆ ಎಣ್ಣೆ ಹಚ್ಚಿ, ಮೈ ಕೆಂಪಾಗುವಷ್ಟು ಬಿಸಿ ನೀರು ಹುಯ್ದು, ಸೊಂಟ ಬಿಗಿದು ಕಟ್ಟಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದರೆ ಎಂಥ ಹುಡುಗಿಯೂ ಮಧ್ಯಾಹ್ನದ ತನಕ ಕಣ್ಣು ಬಿಡುತ್ತಿರಲಿಲ್ಲ. ಮೊದಲ ಸಲ ಸಾಂಬ್ರಾಣಿ ಹಾಕಿದಾಗ ಚಾವಣಿಯ ಹೊಗೆ ಗಂಟೆ ಬಡಿದುಕೊಂಡು, ಪಕ್ಕದ ಮನೆಯವರು ಫೋನು ಮಾಡಿ, ಬೆಂಕಿ ಆರಿಸುವ ಕೆಂಪು ಗಾಡಿಯೇ ಬಂದು ನಿಂತಿತ್ತು. ನಾಲ್ಕು ಮಂದಿ ಆಳೆತ್ತರದವರು ಬೂಟುಗಾಲಲ್ಲಿ ನುಗ್ಗಿದರೆ ಒಳಗೆ ಇದ್ದದ್ದು ಬುಟ್ಟಿಯ ಮೇಲೆ ಕೂದಲು ಹರಡಿಕೊಂಡು ನಿದ್ದೆ ಹೊಡೆಯುತ್ತಿದ್ದ ಒಬ್ಬ ಬಾಣಂತಿ. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಸಣ್ಣತಾಯಮ್ಮ ಒಬ್ಬೊಬ್ಬರಿಗೂ ಒಂದೊಂದು ಅಂಟಿನುಂಡೆ ಕೊಟ್ಟಿದ್ದರು.

ಬಾಣಂತಿ ಇರುವಷ್ಟು ದಿನ ಸಣ್ಣತಾಯಮ್ಮನೂ ಅಲ್ಲೇ. ಶನಿವಾರ ಒಂದು ದಿನ ಕೂಸನ್ನೂ ತಾಯಿಯನ್ನೂ ಆ ಹುಡುಗಿಯ ಗಂಡನಿಗೆ ಒಪ್ಪಿಸಿ ಫ್ರೀಮಾಂಟಿಗೆ ಹೋಗಿ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ, ಭಾನುವಾರ ಸಂಜೆಗೆ ವಾಪಸು. ಆದರೂ ಯಾರಾದರೂ "ಎಲ್ಲಿದ್ದೀರಿ ಅಜ್ಜಿ ಈಗ?" ಎಂದರೆ ಅವರ ಉತ್ತರ ಒಂದೇ. "ಇನ್ನೆಲ್ಲವ್ವ, ಮಗನ ಮನೇಲಿ."

ಲಕೋಟೆಯ ವಿಷಯ ಜಯರಾಮ್ ಫೋನಿನಲ್ಲಿ ತಿಳಿಸಿ ಹೇಳಿದ. ಊರಿನಲ್ಲಿ ಮನೆ ಸಿಗದೆ ಜನ ಕಾರಿನಲ್ಲಿ ಮಲಗುತ್ತಿರುವಾಗ ಕೆಲವರು ಎರಡೆರಡು ಮನೆ ಬೀಗ ಹಾಕಿಟ್ಟುಕೊಂಡಿದ್ದಾರೆಂದು ಮಾರ್ಷ್‌ಗೇಟಿನ ಜನ ಓಟು ಹಾಕಿ ಹೊಸ ತೆರಿಗೆ ತಂದಿದ್ದಾರೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಯಾರೂ ತಮ್ಮ ಮನೆ ಅಂತ ವಾಸ ಮಾಡದ ಮನೆಗೆ ಮಾಮೂಲಿ ತೆರಿಗೆಯ ಮೇಲೆ ಏಳು ಸಾವಿರ ಡಾಲರು. ಮುಂದಿನ ವರ್ಷ ಅದರ ಎರಡರಷ್ಟು.

"ನ್ಯಾಯವೇ ಕನಪ್ಪ ಅದು" ಎಂದರು ಸಣ್ಣತಾಯಮ್ಮ. "ಬೀಗ ಹಾಕಿರೋರು ಕಟ್ಲಿ. ನಾವೆಲ್ಲಿ ಬೀಗ ಹಾಕಿದ್ದೀವಿ?"

"ಅದನ್ನೇ ಬರೆದು ಕಳಿಸಬೇಕು ದೊಡ್ಡವ್ವ. ವಿನಾಯಿತಿಗೆ ಅರ್ಜಿ ಇದೆ. ಯಾರ್ಯಾರು ಎಷ್ಟೆಷ್ಟು ದಿನ ಇದ್ರು ಅಂತ ನಿಮಗೇ ಗೊತ್ತಿರೋದು. ಅಷ್ಟು ತುಂಬಿಡಿ, ನಾನು ಬಂದು ಸೈನ್ ಹಾಕ್ತೀನಿ."

ಸಣ್ಣತಾಯಮ್ಮನವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಲೈಬ್ರರಿಯ ಮಂಗಳವಾರದ ಕ್ಲಾಸಿನಲ್ಲಿ ಎರಡು ವರ್ಷ ಕೂತು ಕಲಿತದ್ದು. ಕನ್ನಡಕ ಹಾಕಿಕೊಂಡು, ಕೂಸು ಮಲಗಿದಾಗ ಒಂದೊಂದು ಸಾಲು ಬರೆದರು. ಹೆಸರು, ಹುಟ್ಟಿದ ತಾರೀಖು, ಎಷ್ಟು ದಿನ, ಯಾಕೆ ಬಂದಿದ್ದರು, ಮಾಲೀಕರಿಗೆ ಏನಾಗಬೇಕು. ಕಳೆದ ವರ್ಷ ಐದು ಬಾಣಂತಿಯರು. ಯಾಕೆ ಬಂದಿದ್ದರು ಎನ್ನುವ ಕಡೆ ಐದೂ ಸಾಲಿಗೆ 'ಬೇಬಿ' ಎಂದು ಬರೆದರು. ಏನಾಗಬೇಕು ಎನ್ನುವ ಕಡೆ ಒಂದು ಗಳಿಗೆಯೂ ಯೋಚಿಸಲಿಲ್ಲ. ನಲವತ್ತನೇ ದಿನ ಹುಡುಗಿ ಹೊರಡುವಾಗ ರಮಾ, ಜಯರಾಮ್ ಇಬ್ಬರೂ ಸರಟೋಗಾದಿಂದ ಬಂದು, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿಯೇ ಕಳಿಸುವುದು. ಮಡಿಲು ತುಂಬಿಸಿಕೊಂಡು ಹೋದವಳು ಮಗಳಲ್ಲದೆ ಇನ್ನೇನು? ಐದೂ ಸಾಲಿಗೆ ದುಂಡಗೆ ಬರೆದರು: ಡಾಟರ್. ಜಯರಾಮ್ ಬಂದವನು ಯಾವುದೋ ಮೀಟಿಂಗಿಗೆ ಹೊತ್ತಾಯಿತೆಂದು ನಿಂತೇ ಸೈನ್ ಹಾಕಿ, ಅಂಚೆಗೆ ಹಾಕಿಬಿಟ್ಟ.

ಆರು ವಾರವಾದ ಮೇಲೆ ಉತ್ತರ ಬಂತು. ಅರ್ಜಿಯಲ್ಲಿರುವ ವಿವರಗಳ ಬಗ್ಗೆ ಪ್ರಶ್ನೆಗಳಿವೆ, ಮಾಲೀಕರೂ ಅರ್ಜಿ ತುಂಬಿದವರೂ ಖುದ್ದಾಗಿ ಬರತಕ್ಕದ್ದು.

ಅಷ್ಟು ಹೊತ್ತಿಗೆ ಜಯರಾಮನ ಕೆಲಸ ಹೋಗಿ ಎರಡು ವಾರವಾಗಿತ್ತು. ಮೀಟಿಂಗೂ ಇಲ್ಲ, ಅವಸರವೂ ಇಲ್ಲ. ಬಾಣಂತಿ ಮನೆಯ ಅಡುಗೆಮನೆಯಲ್ಲಿ ಕೂತು ಕಾಫಿ ಲೋಟ ತಿರುಗಿಸುತ್ತಾ ಹೇಳಿದ, "ವಿನಾಯಿತಿ ಸಿಗದಿದ್ರೆ ಈ ಸಲ ನನ್ನ ಕೈಲಿ ಆಗಲ್ಲ ದೊಡ್ಡವ್ವ. ಒಂದು ಜೋಡಿ ಬಾಡಿಗೆಗೆ ಕೇಳ್ತಾ ಇದೆ. ಮುಂದಿನ ಒಂದನೇ ತಾರೀಖಿಂದ ಕೊಟ್ಟುಬಿಡ್ತೀನಿ. ರಮಾಗಿನ್ನೂ ಹೇಳಿಲ್ಲ."

"ತೇಜಸ್ವಿನಿ?" ಎಂದರು ಸಣ್ಣತಾಯಮ್ಮ.

ಅವನು ಲೋಟ ಕೆಳಗಿಟ್ಟ. ತೇಜಸ್ವಿನಿ ಮುಂದಿನ ಸರದಿಯವಳು. ಮಂಡ್ಯದ ಹುಡುಗಿ, ಮೂರನೇ ಮಹಡಿಯಲ್ಲಿ ಒಂದು ರೂಮಿನ ಮನೆ, ಲಿಫ್ಟಿಲ್ಲ. ತಾಯಿಯ ವೀಸಾ ಇಂಟರ್‌ವ್ಯೂ ಇರುವುದು ಬರುವ ವರ್ಷ. ಇನ್ನು ನಾಲ್ಕು ವಾರಕ್ಕೆ ದಿನ ತುಂಬುತ್ತಿತ್ತು. ಅವಳಾಗಲೇ ಕೂಸಿನ ಬಟ್ಟೆ ಒಗೆದು ಮಡಿಸಿ ಈ ಮನೆಯ ಬೀರುವಿನಲ್ಲಿ ಇಟ್ಟು ಹೋಗಿದ್ದಳು.

ಸಿಟಿ ಹಾಲಿಗೆ ಸೊಸೆ ಇಂದುವೇ ಕರೆದುಕೊಂಡು ಹೋದಳು; ಅತ್ತೆಗೆ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ಒಬ್ಬರು ಬೇಕಿತ್ತಲ್ಲ. ಸಣ್ಣ ರೂಮು, ಮೇಜಿನ ಆಚೆ ಮಿಸ್ ಡೆಲ್ಗಾಡೊ ಎನ್ನುವ ಆಫೀಸರಮ್ಮ, ಐವತ್ತರ ಹತ್ತಿರದವರು. ಅರ್ಜಿ ಮುಂದಿಟ್ಟುಕೊಂಡು ಜಯರಾಮನನ್ನು ನೋಡಿದರು.

"ನಿಮಗೆ ನಲವತ್ತೇಳು ವರ್ಷ."

"ಹೌದು ಮೇಡಂ."

"ನಿಮ್ಮ ದೊಡ್ಡ ಮಗಳಿಗೆ ಮೂವತ್ತನಾಲ್ಕು."

ಜಯರಾಮ್ ಅರ್ಜಿಯತ್ತ ಕತ್ತು ಚಾಚಿದ.

"ಒಟ್ಟು ಐವರು ಹೆಣ್ಣುಮಕ್ಕಳು. ಅದರಲ್ಲಿ ಮೂವರು ಒಂದೇ ವರ್ಷದಲ್ಲಿ ಹುಟ್ಟಿದವರು, ತಿಂಗಳು ಬೇರೆ ಬೇರೆ. ಐವರಿಗೂ ಕಳೆದ ವರ್ಷವೇ ಹೆರಿಗೆ." ಆಕೆ ಕನ್ನಡಕ ತೆಗೆದರು. "ಅಭಿನಂದನೆಗಳು."

ಜಯರಾಮನ ಕಿವಿ ದಾಸವಾಳದ ಹಾಗಾಯಿತು. ಅರ್ಜಿಯನ್ನು ಅವನು ಮೊದಲ ಸಲ ಓದಿದ್ದು ಆಗಲೇ. "ದೊಡ್ಡವ್ವಾ, ಏನ್ ಬರೆದಿದ್ದೀರಾ ಇದು!" ಎಂದು ಕನ್ನಡದಲ್ಲಿ ನರಳಿದ. "ರಮಾ ನೋಡಿದ್ರೆ ನನ್ನ ಗತಿ!"

ಇಂದು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಆದರೆ ಸಹಿಯ ಮೇಲಿದ್ದ ಸಣ್ಣಕ್ಷರದ ಸಾಲನ್ನು ಆಫೀಸರಮ್ಮ ಬೆರಳಿಟ್ಟು ತೋರಿಸಿದಾಗ ಅವಳ ನಗುವೂ ನಿಂತಿತು. ಸುಳ್ಳು ಬರೆದು ಸಹಿ ಹಾಕಿದರೆ ಶಿಕ್ಷೆಯುಂಟು ಎಂದಿತ್ತು.

"ತಪ್ಪು ನಂದು ಕನವ್ವ, ಬರೆದೋಳು ನಾನು, ಅವನಲ್ಲ. ಹೇಳು ಇಂದು" ಎಂದು ಸಣ್ಣತಾಯಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ರಮಾಳ ಸೊಂಟದಿಂದ ಹಿಡಿದು ಮಡಿಲು ತುಂಬುವ ತನಕ ಎಲ್ಲ ಹೇಳಿದರು. ಇಂದು ಮಡಿಲು ಎಂಬುದನ್ನು ಇಂಗ್ಲಿಷಿಗೆ ತರಲಾಗದೆ, ಕೊನೆಗೆ ತನ್ನ ದುಪಟ್ಟಾ ಒಡ್ಡಿ ತೋರಿಸಿದಳು.

ಆಫೀಸರಮ್ಮ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. "ನಲವತ್ತು ದಿನವಾ? ನಮ್ಮ ಅಜ್ಜಿ ಮೆಕ್ಸಿಕೋದವರು. ಅವರೂ ನಮ್ಮಮ್ಮನನ್ನು ನಲವತ್ತು ದಿನ ಹೊಸಿಲು ದಾಟಲು ಬಿಟ್ಟಿರಲಿಲ್ಲವಂತೆ. ತಲೆಗೆ ಬಟ್ಟೆ, ದಿನಾ ಕೋಳಿ ಸಾರು."

"ಕೋಳಿ ಸಾರು ಎಷ್ಟನೇ ದಿನದಿಂದ ಕೊಡ್ತಿದ್ರಂತೆ, ಕೇಳು" ಎಂದರು ಸಣ್ಣತಾಯಮ್ಮ.

"ಅತ್ತೆ, ಪ್ಲೀಸ್! ನಾವು ಟ್ಯಾಕ್ಸ್ ವಿಷಯಕ್ಕೆ ಬಂದಿರೋದು."

ಆದರೆ ಅಜ್ಜಿಯ ನೆನಪಿಗೆ ವಿನಾಯಿತಿ ಕೊಡುವ ಕಾಲಮ್ಮು ಆ ಅರ್ಜಿಯಲ್ಲಿರಲಿಲ್ಲ. ಆಫೀಸರಮ್ಮ 'ಡಾಟರ್' ಎಂಬ ಐದೂ ಸಾಲು ಹೊಡೆದುಹಾಕಿಸಿ, ಪಕ್ಕದಲ್ಲಿ ಜಯರಾಮನಿಂದ ಸಣ್ಣ ಸಹಿ ಹಾಕಿಸಿಕೊಂಡರು. ನೀವಾಗಿ ತಿದ್ದಿದ್ದರಿಂದ ಅದು ಅಲ್ಲಿಗೆ ಮುಗಿಯಿತು ಎಂದರು. ಮಾಲೀಕರ ಕುಟುಂಬದವರು ವಾಸವಾಗಿದ್ದಾರೆ ಎಂಬ ವಿನಾಯಿತಿಯೂ ಅಲ್ಲಿಗೇ ಮುಗಿಯಿತು.

"ಮನೆ ಖಾಲಿ ಇರಲಿಲ್ಲ ಅಂತ ನಾನು ಒಪ್ಪುತ್ತೇನೆ" ಎಂದು ಆಕೆ ಇನ್ನೊಂದು ಹಾಳೆ ತಿರುವಿದರು. "ನಿಮ್ಮ ನೀರಿನ ಬಿಲ್ಲು ನೋಡಿದರೆ ಇಲ್ಲಿ ಲಾಂಡ್ರಿ ನಡೀತಿದೆ ಅನ್ನಬೇಕು. ಆದರೆ ಕಾನೂನು ಕೇಳುವುದು ನೀರನ್ನಲ್ಲ. ಇದು ಯಾರ ಮನೆ ಅಂತ. ಒಬ್ಬರು ಅರ್ಧ ವರ್ಷಕ್ಕಿಂತ ಹೆಚ್ಚು ಇದೇ ನನ್ನ ಮನೆ ಅಂತ ಇದ್ದಿರಬೇಕು. ಬಾಡಿಗೆ ಕೊಟ್ಟಿರಬೇಕು ಅಂತಿಲ್ಲ, ನೆಂಟರಾಗಿರಬೇಕು ಅಂತಲೂ ಇಲ್ಲ. ಈ ಹುಡುಗಿಯರೆಲ್ಲ ನಲವತ್ತು ನಲವತ್ತು ದಿನ. ಅವರಿಗೆ ಅವರವರ ಮನೆ ಇದೆ. ಅಷ್ಟೂ ದಿನ ಅಲ್ಲಿದ್ದವರು ಯಾರೂ ಇಲ್ಲವಾ?"

ಜಯರಾಮ್ ಇಂದುವನ್ನು ನೋಡಿದ. ಇಂದು ಅತ್ತೆಯನ್ನು ನೋಡಿದಳು. ಸಣ್ಣತಾಯಮ್ಮ ಗೋಡೆಯ ಮೇಲಿದ್ದ ಊರಿನ ನಕ್ಷೆ ನೋಡುತ್ತಿದ್ದರು.

"ಇವರು ಎಲ್ಲಿ ಮಲಗ್ತಿದ್ದರು?" ಎಂದರು ಆಫೀಸರಮ್ಮ.

ಇಂದು ಫೋನಿನಲ್ಲಿ ಕ್ಯಾಲೆಂಡರು ತೆಗೆದಳು. ಅತ್ತೆಯನ್ನು ಬಿಟ್ಟು ಬಂದದ್ದು, ಕರೆತಂದದ್ದು ಎಲ್ಲ ಅದರಲ್ಲಿತ್ತು. ಬೆರಳು ಸರಿಸುತ್ತಾ ಎಣಿಸಿದಳು. ಹೆರಿಗೆಗೆ ಮುಂಚೆ ಹೋಗಿ ಮನೆ ಸಜ್ಜು ಮಾಡಿದ ದಿನ, ನಲವತ್ತಕ್ಕೆ ಹೋಗದೆ ಅರವತ್ತರ ತನಕ ಉಳಿದ ಒಬ್ಬ ಹುಡುಗಿಯ ದಿನ ಎಲ್ಲ ಸೇರಿ ಇನ್ನೂರ ಹನ್ನೊಂದು ರಾತ್ರಿ.

"ಇವರ ಹೆಸರೇ ಪಟ್ಟಿಯಲ್ಲಿಲ್ಲವಲ್ಲ. ಯಾಕೆ ಬರೆಯಲಿಲ್ಲ?"

ಇಂದು ಕೇಳಿದಳು. ಸಣ್ಣತಾಯಮ್ಮ ತಟ್ಟನೆ ಹೇಳಿದರು, "ನಾನು ಅಲ್ಲಿರೋಳಲ್ಲವಲ್ಲ. ನಾನಿರೋದು ಮಗನ ಮನೇಲಿ."

ಆಫೀಸರಮ್ಮ ಒಂದು ಹಾಳೆಯ ಅರ್ಜಿ ತೆಗೆದು ಮುಂದಿಟ್ಟರು. ಅದರಲ್ಲಿ ಎರಡೇ ಸಾಲು ಮುಖ್ಯ. ಇದೇ ನನ್ನ ಮನೆ. ಬೇರೆಲ್ಲೂ ನನಗೆ ಮನೆಯಿಲ್ಲ. ಈ ಸಲ ಬರೆದದ್ದು ನಿಜವಾಗಿರಬೇಕು, ಶುಕ್ರವಾರ ಸಂಜೆ ಐದರೊಳಗೆ ಬರಬೇಕು ಎಂದರು. ಮಾತಿನಲ್ಲಿ ಗಡಸೇನೂ ಇರಲಿಲ್ಲ.

ಕಾರನ್ನು ಇಂದು ಫ್ರೀವೇ ಹತ್ತಿಸಿದಳು. ಆಮೇಲೆ ಹೇಳಿದಳು, "ಅತ್ತೆ, ನೀವು ಸೈನ್ ಮಾಡಿದ್ರೆ ಜನ ಗುರು ಬಗ್ಗೆ ಮಾತಾಡಲ್ಲ. ನನ್ನ ಬಗ್ಗೆ ಮಾತಾಡ್ತಾರೆ. ಸೊಸೆ ಅತ್ತೇನ ಓಡಿಸಿದ್ಲು ಅಂತ. ಪಾಟ್‌ಲಕ್‌ನಲ್ಲಿ ಎಲ್ಲರ ಜೊತೆ ಊಟದ ಪ್ಲೇಟ್ ಹಿಡ್ಕೊಂಡು ನಿಂತಿರ್ತೀನಿ, ಬೆನ್ನ ಹಿಂದೆ ಶುರು."

"ಬೆನ್ನಿಂದೆ ಯಾಕೆ, ಮುಂದೇ ಅಂತಾರೆ ಬುಡು."

"ಜೋಕ್ ಅಲ್ಲ ಅತ್ತೆ."

"ನಾನೂ ಜೋಕ್ ಮಾಡ್ನಿಲ್ಲ ಕನವ್ವ" ಎಂದರು ಸಣ್ಣತಾಯಮ್ಮ.

ಅವರಿಗೆ ಗೊತ್ತಿತ್ತು. ಅವರ ಸೀಮೆಯಲ್ಲಿ ವಯಸ್ಸಾದ ಹೆಂಗಸು ಮಗನ ಒಲೆ ಬಿಟ್ಟು ಬೇರೆ ಒಲೆ ಹಚ್ಚಿದಳೆಂದರೆ ಅದಕ್ಕೆ ಎರಡೇ ಅರ್ಥ: ಮಗ ಕೆಟ್ಟವನು, ಇಲ್ಲವೇ ಸೊಸೆ. ಮೂರನೆಯದೊಂದು ಅರ್ಥವಿರಬಹುದೆಂದು ಅಲ್ಲಿ ಯಾರೂ ಹುಡುಕಿದವರಲ್ಲ. ಅವರೂ ಹುಡುಕಿರಲಿಲ್ಲ. ಗುರುಕಿರಣ್ ಕೆಟ್ಟವನಲ್ಲ. ಇಂದುವಿನದು ಸ್ವಲ್ಪ ಚುರುಕು ಬಾಯಿ, ಕೆಟ್ಟ ಮನಸ್ಸಲ್ಲ. ಹಾಗಿದ್ದೂ ವರ್ಷದಲ್ಲಿ ಇನ್ನೂರ ಹನ್ನೊಂದು ರಾತ್ರಿ ಆ ಮನೆಯಲ್ಲಿ ಮಲಗಿದ್ದು ಯಾರ ಮೇಲಿನ ಸಿಟ್ಟಿಗೂ ಅಲ್ಲ. ಅಲ್ಲಿ ಕೆಲಸವಿತ್ತು. ಬೆಳಿಗ್ಗೆ ಎದ್ದರೆ ಯಾರೋ ಒಬ್ಬಳು "ಅಜ್ಜಿ" ಎಂದು ಕಾಯುತ್ತಿರುತ್ತಿದ್ದಳು.

ಆ ವಾರ ಬಾಣಂತಿ ಇಲ್ಲದ್ದರಿಂದ ಫ್ರೀಮಾಂಟಿನಲ್ಲೇ ಉಳಿದಿದ್ದ ಸಣ್ಣತಾಯಮ್ಮ ಗುರುವಾರ ಸಂಜೆ ತಾವೇ ಮಗನ ಹತ್ತಿರ ಮಾತು ತೆಗೆದರು. ಅವನು ಹಿತ್ತಲಲ್ಲಿ ಹೂಕುಂಡಗಳಿಗೆ ನೀರು ಹಾಕುತ್ತಿದ್ದ. ಇಂದು ಮೊದಲೇ ಎಲ್ಲ ಹೇಳಿದ್ದಳೆಂಬುದು ಅವನ ಕೈಯಲ್ಲಿದ್ದ ಪೈಪು ನೋಡಿದರೇ ತಿಳಿಯುತ್ತಿತ್ತು. ಒಂದೇ ಕುಂಡಕ್ಕೆ ನೀರು ತುಂಬಿ ಹರಿಯುತ್ತಿತ್ತು.

"ಆ ಗಿಡ ಈಜು ಕಲೀತದೆ ಕನ್ಲಾ" ಎಂದರು.

ಅವನು ನಲ್ಲಿ ನಿಲ್ಲಿಸಿದ. "ಅವ್ವ, ನಿನಗಿಲ್ಲಿ ಏನು ಕಮ್ಮಿ ಮಾಡಿದ್ದೀನಿ ಹೇಳು. ಕೆಳಗಡೆ ರೂಮು ನಿನಗೇ ಅಂತ ಕಟ್ಟಿಸಿದ್ದು. ಮಂಡಿನೋವು ಅಂತ ಬಾತ್‌ರೂಮಿಗೆ ಹಿಡಿ ಹಾಕಿಸಿದೆ."

"ಏನೂ ಕಮ್ಮಿ ಮಾಡಿಲ್ಲ."

"ಮತ್ತೆ ಬೇರೆಲ್ಲೂ ನನಗೆ ಮನೆಯಿಲ್ಲ ಅಂತ ಬರೆದುಕೊಡ್ತೀಯಾ? ಸರ್ಕಾರಕ್ಕೆ? ಹೆತ್ತ ಮಗ ಇದ್ದೂ?"

ಸಣ್ಣತಾಯಮ್ಮ ಮೆಟ್ಟಿಲ ಮೇಲೆ ಕೂತರು. ಅವನ ಮಾತು ಮುಗಿಯಲೆಂದು ಕಾದರು. ಹೆಣ್ಣುಮಕ್ಕಳ ನೋವು ಏರಿ ಇಳಿಯುವುದನ್ನು ಕಾಯ್ದು ರೂಢಿಯಿದ್ದವರು, ಇದೂ ಅಂಥದ್ದೇ.

"ಏಳು ಸಾವಿರ ತಾನೆ? ನಾನೇ ಕಟ್ತೀನಿ. ಜಯರಾಮಂಗೆ ಇವತ್ತೇ ಕಳಿಸ್ತೀನಿ. ನೀನು ಎಷ್ಟು ಬಾಣಂತನ ಬೇಕಾದ್ರೂ ಮಾಡು, ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಆ ಪೇಪರ್ ಮಾತ್ರ ಸೈನ್ ಮಾಡಬೇಡ."

ಇಂಥ ಮಾತು ಬರುತ್ತದೆಂದು ಅವರು ಎಣಿಸಿರಲಿಲ್ಲ. ಒಂದು ಗಳಿಗೆ ಮನಸ್ಸು ಅತ್ತ ವಾಲಿತು. ಎಷ್ಟು ಸಲೀಸು! ತೇಜಸ್ವಿನಿಗೆ ಮನೆ ಉಳಿಯುತ್ತದೆ, ಇಂದುವಿನ ಮಾನ ಉಳಿಯುತ್ತದೆ, ಮಗನ ಮುಖವೂ ತಿಳಿಯಾಗುತ್ತದೆ.

"ಮುಂದಿನ ವರ್ಷ ಎರಡರಷ್ಟಂತೆ" ಎಂದರು.

"ಅದನ್ನೂ ಕಟ್ಟೋಣ."

"ಆ ದುಡ್ಡು ಯಾತಕ್ಕೆ ಈಸ್ಕತಾರೆ ಅಂತ ತಿಳ್ಕಂಡಿದ್ದೀಯ? ಮನೆ ಖಾಲಿ ಬಿಟ್ಟ ತಪ್ಪಿಗೆ. ಕಟ್ಬುಟ್ರೆ ಒಪ್ಕಂಡಂಗೆ. ಐದು ಕೂಸು ಅತ್ತ ಮನೆ ಅದು, ಗುರು. ಒಂದು ಹುಡುಗಿಗೆ ಹಾಲು ಕಟ್ಕೊಂಡು ಜ್ವರ ಬಂದು, ಮೂರು ದಿನ ಕೂತ್ಕಂಡೇ ಇದ್ದೆ ನಾನು. ಅದನ್ನ ಖಾಲಿ ಅಂತ ನಾನು ಹೆಂಗ್ಲಾ ಒಪ್ಕಳ್ಳಾದು?"

"ಖಾಲಿ ಅಲ್ಲ ಅಂತಲೇ ಇಟ್ಕೋ. ಆದ್ರೆ ನಿನ್ನ ಮನೆ ಅಂತ ಯಾಕೆ?"

"ಹೋದ ಸಲ ಸುಲಭದ್ದು ಬರೆದೆ. ಎಲ್ಲರೂ ಮಗಳು ಅಂತ. ನಿಜ ಅಂತಲೇ ಬರೆದೆ. ನಗೆಪಾಟಲಾಯ್ತು. ಈಗ ಆವಮ್ಮ ಕೇಳಿದ್ದು, ನೀನು ಎಲ್ಲಿ ಮಲಗ್ತೀಯ ಅಂತ. ನಾನು ನಿನ್ನ ಮನೇಲಿ ಅಂದೆ." ಸಣ್ಣತಾಯಮ್ಮ ಮಂಡಿ ಒತ್ತಿಕೊಂಡರು. "ಕಳೆದ ವಾರ ನಿನ್ನ ಮನೇಲಿ ಉಪ್ಪಿನ ಡಬ್ಬಿ ಹುಡುಕ್ದೆ ಕನಪ್ಪ. ಇಂದು ಯಾವಾಗ್ಲೋ ಜಾಗ ಬದಲಾಯಿಸಿದ್ದಾಳೆ. ತಪ್ಪಲ್ಲ, ಅವಳ ಅಡುಗೆಮನೆ ಅದು. ಅಲ್ಲಿ ಮಾತ್ರ ಕಣ್ಮುಚ್ಕಂಡು ಕೈ ಹಾಕಿದ್ರೂ ಉಪ್ಪು ಸಿಗ್ತದೆ. ಇದು ಇವತ್ತು ಆಗಿದ್ದಲ್ಲ. ನಾವು ಯಾರೂ ಬಾಯ್ಬಿಟ್ಟು ಹೇಳಿರ್ನಿಲ್ಲ, ಅಷ್ಟೇಯ."

ಗುರುಕಿರಣ್ ಪೈಪನ್ನು ಸುತ್ತತೊಡಗಿದ. ಸುತ್ತಿ ಮುಗಿದ ಮೇಲೂ ಕೈಯಲ್ಲೇ ಹಿಡಿದು ನಿಂತ.

"ನಾನು ಕರ್ಕೊಂಡು ಹೋಗಲ್ಲ" ಎಂದ.

"ಬ್ಯಾಡ ಬುಡು. ನಂಗೆ ಬಸ್ಸು ಗೊತ್ತದೆ" ಎಂದರು. ಅವನು ಒಳಗೆ ಹೋದ. ಅಡುಗೆಮನೆಯ ಕಿಟಕಿಯಲ್ಲಿ ಇಂದುವಿನ ನೆರಳಿತ್ತು.

ಶುಕ್ರವಾರ ಮಧ್ಯಾಹ್ನ ಸಣ್ಣತಾಯಮ್ಮ ಸೀರೆ ಬದಲಿಸಿ ಬಸ್ಸಿಗೆ ಹೊರಟು ನಿಂತಾಗ ಗ್ಯಾರೇಜಿನ ಬಾಗಿಲು ಏಳುವ ಸದ್ದಾಯಿತು. ಇಂದು ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದಳು.

"ಗುರುಗೆ ಹೇಳ್ದಾ?"

"ಹೇಳ್ದೆ. ಏನೂ ಅನ್ನಲಿಲ್ಲ. ಸೀಟ್ ಬೆಲ್ಟ್ ಹಾಕ್ಕೊಳ್ಳಿ ಅತ್ತೆ."

ಆಫೀಸರಮ್ಮ ಅರ್ಜಿಯ ಒಂದೊಂದೇ ಪ್ರಶ್ನೆ ಓದಿದರು, ಇಂದು ಕನ್ನಡಕ್ಕೆ ತಿರುಗಿಸಿದಳು. ಬಟ್ಟೆಬರೆ ಎಲ್ಲಿದೆ? ಮಾತ್ರೆಗಳು ಎಲ್ಲಿವೆ? ದೇವರ ಫೋಟೋ, ಕನ್ನಡಕ, ಚಳಿಗೆ ಹೊದೆಯುವ ಕಂಬಳಿ? ಒಂದೊಂದಕ್ಕೂ ಸಣ್ಣತಾಯಮ್ಮ ಯೋಚಿಸಿ ಉತ್ತರ ಹೇಳಿದರು, ಒಂದೊಂದೂ ಆ ಮನೆಯನ್ನೇ ತೋರಿಸಿತು. ಕೊನೆಗೆ ಆಫೀಸರಮ್ಮ ಇಂದುವಿನ ಕಡೆ ತಿರುಗಿದರು. ಹಿಂದಿನ ವಿಳಾಸದ ಮನೆಯವರೊಬ್ಬರು ದೃಢಪಡಿಸಬೇಕಿತ್ತು.

"ಇವರು ನಿಮ್ಮ ಜೊತೆ ವಾಸವಾಗಿಲ್ಲ. ಸರಿಯಾ?"

ಇಂದು ಆ ಪ್ರಶ್ನೆಯನ್ನು ಅತ್ತೆಗೆ ತಿರುಗಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಷ್ಟು ಇಂಗ್ಲಿಷು ಸಣ್ಣತಾಯಮ್ಮನವರಿಗೆ ತಿಳಿಯುತ್ತಿತ್ತು. ಅವರು ಸೊಸೆಯ ಮುಖ ನೋಡದೆ ಮೇಜಿನ ಅಂಚು ನೋಡಿದರು. ಈಗ ಅವಳು 'ನಮ್ಮ ಜೊತೆಯೇ ಇದ್ದಾರೆ' ಎಂದರೂ ಬೇಸರ ಮಾಡಿಕೊಳ್ಳಬಾರದು ಎಂದು ಮನಸ್ಸಿಗೆ ಹೇಳಿಕೊಂಡರು.

"ಸರಿ" ಎಂದಳು ಇಂದು. "ಶನಿವಾರ ಬರ್ತಾರೆ. ನನ್ನ ಮಗಳಿಗೆ ತಲೆ ಬಾಚಿ ಹೋಗ್ತಾರೆ. ಭಾನುವಾರ ಸಂಜೆ ಹೊರಡುವಾಗ ಮನೆಗೆ ಹೊತ್ತಾಯ್ತು ಅಂತಾರೆ. ಅವರು ಆ ಮಾತು 'ಮನೆಗೆ' ಅಂತ ಅನ್ನೋಕೆ ಶುರು ಮಾಡಿ ಎರಡು ವರ್ಷ ಆಯ್ತು. ನನ್ನ ಗಂಡ ಕೇಳಿಸದ ಹಾಗೆ ಇರ್ತಾನೆ. ನಾನೂ ಇರ್ತೀನಿ."

ಇಂಗ್ಲಿಷಿನಲ್ಲಿ ಹೇಳಿದ ಅಷ್ಟೂ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಣ್ಣತಾಯಮ್ಮನವರಿಗೆ ತಿಳಿಯಿತು. ತಾವು ಹಾಗೆ ಅನ್ನುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲ.

"ಸಹಿ ಕನ್ನಡದಲ್ಲಿ ಹಾಕಬೋದಾ, ಕೇಳು" ಎಂದರು.

"ನಿಮ್ಮ ಸಹಿ, ನಿಮ್ಮ ಅಕ್ಷರ" ಎಂದರು ಆಫೀಸರಮ್ಮ.

ಸಣ್ಣತಾಯಮ್ಮ ಹಾಕಿದರು. ಉದ್ದದ ಹೆಸರು, ಗೆರೆಗಿಂತ ಆಚೆಗೂ ಸ್ವಲ್ಪ ಹೋಯಿತು.

ವಿನಾಯಿತಿಯ ಕಾಗದ ಎಂಟು ದಿನಕ್ಕೆ ಬಂತು. ಒಂದು ಪ್ರತಿ ಜಯರಾಮನಿಗೆ. ಅವನು ಬಾಡಿಗೆ ಕೇಳಿದ ಜೋಡಿಗೆ ಇಲ್ಲ ಎಂದು ಹೇಳಿ, ಆಮೇಲೆ ಇಡೀ ಕತೆಯನ್ನು ರಮಾಗೆ ಹೇಳಿ, ಐದು ಹೆಣ್ಣುಮಕ್ಕಳ ವಿಷಯಕ್ಕೆ ಚೆನ್ನಾಗಿ ಬೈಸಿಕೊಂಡನಂತೆ. ಇನ್ನೊಂದು ಪ್ರತಿ ಸಣ್ಣತಾಯಮ್ಮನ ಹೆಸರಿಗೇ, ಆ ಮನೆಯ ನಂಬರಿಗೇ ಬಂತು. ಈ ದೇಶದಲ್ಲಿ ಅವರ ಹೆಸರಿಗೆ ಬಂದ ಕಾಗದಗಳಲ್ಲಿ 'ಗುರುಕಿರಣ್ ಅವರ ಮನೆ' ಎಂಬ ಸಾಲಿಲ್ಲದ್ದು ಅದೊಂದೇ.

ಅದಾದ ಮೇಲೆ ಎರಡು ಶನಿವಾರ ಫ್ರೀಮಾಂಟಿಗೆ ಹೋದಾಗ ಗುರುಕಿರಣ್ ಚೆನ್ನಾಗಿಯೇ ಮಾತಾಡಿದ. ಅಂದರೆ ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟು. ಮೂರನೇ ಶನಿವಾರ ಅವರು ಹೋಗಲಾಗಲಿಲ್ಲ. ತೇಜಸ್ವಿನಿಗೆ ಹೆಣ್ಣುಮಗು ಹುಟ್ಟಿ ಐದನೇ ದಿನ, ಹುಡುಗಿಗೆ ಇನ್ನೂ ಕೂರಲು ಕಷ್ಟ, ಅವಳ ಗಂಡ ಸುಜಯ್‌ಗೆ ಕೂಸನ್ನು ಎತ್ತಿಕೊಳ್ಳಲು ಭಯ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬೆಲ್ಲು ಹೊಡೆಯಿತು. ಸಣ್ಣತಾಯಮ್ಮ ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಿದ್ದರು. ಮೈಗೆಲ್ಲ ಎಣ್ಣೆ. ಸುಜಯ್ ಬಾಗಿಲು ತೆರೆದದ್ದು ಕೇಳಿಸಿತು, ಆಮೇಲೆ ಪರಿಚಯದ ಹೆಜ್ಜೆ ಸದ್ದು. ಗುರುಕಿರಣ್ ಬಚ್ಚಲ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಗ್ರಾಸರಿ ಅಂಗಡಿಯ ಚೀಲ, ಸಬ್ಬಸಿಗೆ ಸೊಪ್ಪಿನ ತುದಿ ಹೊರಗೆ ಕಾಣುತ್ತಿತ್ತು. ಆರು ವರ್ಷದಲ್ಲಿ ಅವನು ಈ ಮನೆಯ ಹೊಸಿಲು ದಾಟಿದ್ದು ಇದೇ ಮೊದಲು. ಯಾವಾಗಲೂ ಕಾರಿನಲ್ಲೇ ಕೂತು ಹಾರನ್ ಹೊಡೆಯುತ್ತಿದ್ದ.

"ಬೆಲ್ಲು ಹೊಡೆದು ಬಂದ್ಯಲ್ಲೋ, ನೆಂಟನ ಹಂಗೆ" ಎಂದರು ತಲೆಯೆತ್ತದೆ.

"ನಿನ್ನ ಮನೆ ಅಲ್ವಾ" ಎಂದ. ಆ ಮಾತಿನಲ್ಲಿ ಒಂದು ಮುಳ್ಳಿತ್ತು. ತೀರ ಚೂಪಿನದಲ್ಲ.

"ಹೂಂ. ಕಾಲು ತೊಳ್ಕಂಡಾ?"

"ತೊಳ್ಕೊಂಡೆ."

"ಹಂಗಾರೆ ಚೀಲ ಅಲ್ಲಿಟ್ಟು ಬಾ. ಸುಜಯ್ ಕೈ ನಡುಗ್ತದೆ, ನೀರು ಹುಯ್ಯೋಕೆ ಇನ್ನೊಂದು ಕೈ ಬೇಕು."

ಗುರುಕಿರಣ್ ತೋಳು ಮಡಿಸಿ ಚೊಂಬು ತೆಗೆದುಕೊಂಡ. ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದ. ಅದು ಯಾರು ಹೇಳಿಕೊಟ್ಟದ್ದೋ, ಮಗಳು ಹುಟ್ಟಿದಾಗ ನೋಡಿ ಕಲಿತಿದ್ದನೋ ಏನೋ. ತಾಯಿ ಅಂಗೈ ಬೋಗುಣಿ ಮಾಡಿ ಕೂಸಿನ ಕಿವಿಗೆ ಮರೆ ಹಿಡಿದರು. ಅವನು ನಿಧಾನವಾಗಿ ಹುಯ್ದ.

"ಇನ್ನೂ ಮೇಲಿಂದ. ಬೆನ್ನಿಗೆ."

ಕೂಸು ಒಂದು ಸಲ ಕಿರುಚಿ, ಬಿಸಿ ನೀರಿನ ಸುಖಕ್ಕೆ ಸುಮ್ಮನಾಯಿತು. ಒಳರೂಮಿನಿಂದ ತೇಜಸ್ವಿನಿ, "ಅಜ್ಜಿ, ಯಾರು ಬಂದಿರೋದು?" ಎಂದು ಕೂಗಿದಳು.

"ನನ್ನ ಮಗ ಕನವ್ವ. ಫ್ರೀಮಾಂಟಿಂದ ಬಂದವ್ನೆ."

ಗುರುಕಿರಣ್ ಇನ್ನೊಂದು ಚೊಂಬು ತುಂಬಿದ. "ನಲವತ್ತು ದಿನ ಆದ ಮೇಲೆ ಒಂದು ವಾರ ಬಂದು ಇರ್ತೀಯಾ?"

"ಕರೆದ್ರೆ ಬತ್ತೀನಿ."

"ಕರೀತಾ ಇದ್ದೀನಲ್ಲ ಅವ್ವ" ಎಂದು ಅವನು ನೀರು ಹುಯ್ದ.